ಕರ್ನಾಟಕದ ವೈದ್ಯಕೀಯ ಗ್ರಂಥಾಲಯಗಳು

ವೈದ್ಯಕೀಯ ಗ್ರಂಥಾಲಯವು ವೈದ್ಯಕೀಯ, ದಂತವೈದ್ಯಕೀಯ, ಶುಶ್ರೂಷಾ, ಔಷಧ ವಿಜ್ಞಾನ, ಆಯುರ್ವೇದ ಮೊದಲಾದ ಆರೋಗ್ಯ ವಿಜ್ಞಾನಗಳ ಬೋಧನೆ, ಸಂಶೋಧನೆ ಮತ್ತು ಚಿಕಿತ್ಸೆಗೆ ನೆರವಾಗುವ ವಿಶೇಷ ಗ್ರಂಥಾಲಯವಾಗಿದೆ. ಕರ್ನಾಟಕದಲ್ಲಿ ಇಂತಹ ಗ್ರಂಥಾಲಯಗಳು ಮುಖ್ಯವಾಗಿ ವೈದ್ಯಕೀಯ ಕಾಲೇಜುಗಳಲ್ಲಿ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಮತ್ತು ನಿಮ್ಹಾನ್ಸ್‌ನಂತಹ ರಾಷ್ಟ್ರೀಯ ಸಂಸ್ಥೆಗಳಲ್ಲಿವೆ. ಕಾಲೇಜುಗಳು ಹೆಚ್ಚಾಗಿ ಜಿಲ್ಲಾ ಕೇಂದ್ರಗಳಲ್ಲಿ ಮತ್ತು ದೊಡ್ಡ ನಗರಗಳಲ್ಲಿ ಇರುವುದರಿಂದ, ಕಡೂರು, ತರೀಕೆರೆ ಮತ್ತು ಅಜ್ಜಂಪುರದಂತಹ ತಾಲ್ಲೂಕು ಕೇಂದ್ರಗಳ ವಿದ್ಯಾರ್ಥಿಗಳು, ವೈದ್ಯರು ಹಾಗೂ ದಾದಿಯರು ಇವುಗಳನ್ನು ದೂರದಿಂದಲೇ ಬಳಸಬೇಕಾಗುತ್ತದೆ. ಅಂತರಜಾಲವು ಈ ಅಂತರವನ್ನು ಬಹುಮಟ್ಟಿಗೆ ಕಡಿಮೆ ಮಾಡಿದೆ. ಆದರೆ ಸದಸ್ಯತ್ವ ಮತ್ತು ಭಾಷೆಯ ಪ್ರಶ್ನೆಗಳು ಉಳಿದಿವೆ.

ಇತಿಹಾಸ

ಕನ್ನಡದಲ್ಲಿ ವೈದ್ಯಗ್ರಂಥಗಳ ಪರಂಪರೆ ಹಳೆಯದು. ಚಾಲುಕ್ಯ ವಂಶದ ಕೀರ್ತಿವರ್ಮನು ಸುಮಾರು 1125ರಲ್ಲಿ ರಚಿಸಿದ 'ಗೋವೈದ್ಯ'ವು ದನಕರುಗಳ ರೋಗ ಮತ್ತು ಚಿಕಿತ್ಸೆಯನ್ನು ಕುರಿತದ್ದು. ಜಗದ್ದಳ ಸೋಮನಾಥನು 12ನೆಯ ಶತಮಾನದಲ್ಲಿ 'ಕರ್ನಾಟಕ ಕಲ್ಯಾಣಕಾರಕ'ವನ್ನು ಬರೆದನು. 14ನೆಯ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ'ವು ವಿಷವೈದ್ಯವನ್ನು ವಿಸ್ತಾರವಾಗಿ ನಿರೂಪಿಸುತ್ತದೆ. ಇಂತಹ ಕೃತಿಗಳು ಶತಮಾನಗಳ ಕಾಲ ಓಲೆಗರಿಗಳಲ್ಲಿ ಉಳಿದುಬಂದವು. ಅವುಗಳನ್ನು ಬಳಸುವವರು ಗುರುವಿನ ಬಳಿ ಇದ್ದು ಕಲಿಯುತ್ತಿದ್ದರು ಅಥವಾ ಪ್ರತಿ ಮಾಡಿಕೊಳ್ಳುತ್ತಿದ್ದರು. 1891ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಪ್ರಾಚ್ಯ ಗ್ರಂಥಾಲಯವು ಓಲೆಗರಿ ಹಾಗೂ ಹಸ್ತಪ್ರತಿಗಳನ್ನು ಸಂಗ್ರಹಿಸುವ ಕಾರ್ಯವನ್ನು ಕೈಗೊಂಡಿತು.

ಆಧುನಿಕ ವೈದ್ಯಕೀಯ ಶಿಕ್ಷಣದೊಂದಿಗೆ ಕಾಲೇಜು ಗ್ರಂಥಾಲಯಗಳು ಬಂದವು. ಮೈಸೂರು ಸಂಸ್ಥಾನದ ಮೊದಲ ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತು. ಬಳಿಕ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು (1953), ಬೆಂಗಳೂರು ವೈದ್ಯಕೀಯ ಕಾಲೇಜು (1955), ಹುಬ್ಬಳ್ಳಿಯ ಕರ್ನಾಟಕ ವೈದ್ಯಕೀಯ ಕಾಲೇಜು (1957), ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು (1963) ಮತ್ತು ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜು (1965) ಆರಂಭವಾದವು. ಪ್ರತಿಯೊಂದು ಕಾಲೇಜೂ ತನ್ನದೇ ಆದ ಗ್ರಂಥಾಲಯವನ್ನು ಬೆಳೆಸಿತು. ಈ ಕಾಲೇಜುಗಳು ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಸೇರಿದ್ದುದರಿಂದ ಅವುಗಳ ಗ್ರಂಥಾಲಯಗಳ ನಡುವೆ ಹಂಚಿಕೆಯ ಏರ್ಪಾಡು ಹೆಚ್ಚಾಗಿ ಇರಲಿಲ್ಲ.

1994ರ ಕಾಯಿದೆಯ ಮೇರೆಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 1996ರ ಜೂನ್ 1ರಂದು ಬೆಂಗಳೂರಿನಲ್ಲಿ ಅಸ್ತಿತ್ವಕ್ಕೆ ಬಂದಿತು. ರಾಜ್ಯದ ವೈದ್ಯಕೀಯ, ದಂತ, ಶುಶ್ರೂಷಾ, ಔಷಧ ವಿಜ್ಞಾನ, ಆಯುರ್ವೇದ, ಹೋಮಿಯೋಪತಿ ಮುಂತಾದ ಕಾಲೇಜುಗಳು ಒಂದೇ ವಿಶ್ವವಿದ್ಯಾಲಯದ ಸಂಯೋಜನೆಗೆ ಬಂದುದರಿಂದ ಗ್ರಂಥಾಲಯಗಳ ಸಹಕಾರಕ್ಕೂ ದಾರಿಯಾಯಿತು.

ಸಂಗ್ರಹ ಮತ್ತು ವರ್ಗೀಕರಣ

ವೈದ್ಯಕೀಯ ಗ್ರಂಥಾಲಯದ ಸಂಗ್ರಹವನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಪಠ್ಯಪುಸ್ತಕಗಳು: ಬಿ.ಡಿ. ಚೌರಾಸಿಯಾ ಅವರ ಅಂಗರಚನಾಶಾಸ್ತ್ರ, ಗೈಟನ್ ಅವರ ಶರೀರಕ್ರಿಯಾಶಾಸ್ತ್ರ, ಕೆ.ಡಿ. ತ್ರಿಪಾಠಿ ಅವರ ಔಷಧಶಾಸ್ತ್ರ, ಕೆ. ಪಾರ್ಕ್ ಅವರ ಸಮುದಾಯ ವೈದ್ಯಶಾಸ್ತ್ರದ ಗ್ರಂಥಗಳು ವಿದ್ಯಾರ್ಥಿಗಳಲ್ಲಿ ಬಹು ಬಳಕೆಯವು. ಇವುಗಳ ಅನೇಕ ಪ್ರತಿಗಳನ್ನು ಇರಿಸಲಾಗುತ್ತದೆ.

ಆಕರ ಗ್ರಂಥಗಳು: ವೈದ್ಯಕೀಯ ನಿಘಂಟುಗಳು, ಔಷಧಕೋಶಗಳು, 1858ರಲ್ಲಿ ಮೊದಲು ಪ್ರಕಟವಾದ ಗ್ರೇ ಅವರ ಅಂಗರಚನಾಶಾಸ್ತ್ರ, 1950ರಿಂದ ಪ್ರಕಟವಾಗುತ್ತಿರುವ ಹ್ಯಾರಿಸನ್ ಅವರ ವೈದ್ಯಶಾಸ್ತ್ರದಂತಹ ಬೃಹತ್ ಗ್ರಂಥಗಳು ಈ ಗುಂಪಿಗೆ ಸೇರುತ್ತವೆ. ಇವನ್ನು ಸಾಮಾನ್ಯವಾಗಿ ಮನೆಗೆ ಕೊಡುವುದಿಲ್ಲ.

ನಿಯತಕಾಲಿಕಗಳು: ಹೊಸ ಸಂಶೋಧನೆಗಳು ಮೊದಲು ಪ್ರಕಟವಾಗುವುದು ನಿಯತಕಾಲಿಕಗಳಲ್ಲಿ. ಪಠ್ಯಪುಸ್ತಕದ ಹೊಸ ಆವೃತ್ತಿ ಹೊರಬರಲು ಹಲವು ವರ್ಷಗಳು ಬೇಕಾಗುವುದರಿಂದ, ಚಿಕಿತ್ಸಾಕ್ರಮದಲ್ಲಿನ ಬದಲಾವಣೆಯನ್ನು ತಿಳಿಯಲು ಇವು ಅನಿವಾರ್ಯ. ಗ್ರಂಥಾಲಯದ ಆಯವ್ಯಯದಲ್ಲಿ ದೊಡ್ಡ ಪಾಲು ಇವುಗಳ ಚಂದಾಕ್ಕೆ ಹೋಗುತ್ತದೆ.

ಪ್ರಬಂಧಗಳು: ಎಂ.ಡಿ. ಮತ್ತು ಎಂ.ಎಸ್. ವಿದ್ಯಾರ್ಥಿಗಳು ಸಲ್ಲಿಸುವ ಪ್ರಬಂಧಗಳು ಸ್ಥಳೀಯ ರೋಗಿಗಳನ್ನು ಕುರಿತ ಅಧ್ಯಯನಗಳಾಗಿರುತ್ತವೆ. ಆದುದರಿಂದ ಒಂದು ಪ್ರದೇಶದ ಆರೋಗ್ಯದ ಚಿತ್ರಣಕ್ಕೆ ಇವು ಉಪಯುಕ್ತ ಆಕರಗಳು.

ಪುಸ್ತಕಗಳನ್ನು ಜೋಡಿಸಲು ಡ್ಯೂಯಿ ದಶಮಾಂಶ ಪದ್ಧತಿ ವ್ಯಾಪಕವಾಗಿ ಬಳಕೆಯಲ್ಲಿದೆ. ಅದರಲ್ಲಿ 610 ವೈದ್ಯಶಾಸ್ತ್ರಕ್ಕೆ, 611 ಅಂಗರಚನಾಶಾಸ್ತ್ರಕ್ಕೆ, 612 ಶರೀರಕ್ರಿಯಾಶಾಸ್ತ್ರಕ್ಕೆ, 615 ಔಷಧಗಳಿಗೆ, 616 ರೋಗಗಳಿಗೆ, 617 ಶಸ್ತ್ರಚಿಕಿತ್ಸೆಗೆ ಮತ್ತು 618 ಸ್ತ್ರೀರೋಗ ಹಾಗೂ ಪ್ರಸೂತಿಗೆ ಮೀಸಲಾಗಿವೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು ವೈದ್ಯಶಾಸ್ತ್ರಕ್ಕೆಂದೇ ರೂಪಿಸಿದ ಪ್ರತ್ಯೇಕ ಪದ್ಧತಿಯೂ ಇದೆ. ಭಾರತೀಯ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ (1892–1972) ತಮ್ಮ ದ್ವಿಬಿಂದು ವರ್ಗೀಕರಣದಲ್ಲಿ 'ಎಲ್' ಅಕ್ಷರವನ್ನು ವೈದ್ಯಶಾಸ್ತ್ರಕ್ಕೆ ನೀಡಿದ್ದಾರೆ. ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಓದುಗನ ಸಮಯವನ್ನು ಉಳಿಸುವುದು ಗ್ರಂಥಾಲಯದ ಕರ್ತವ್ಯವೆಂದು ಅವರು 1931ರಲ್ಲಿಯೇ ಪ್ರತಿಪಾದಿಸಿದ್ದರು. ರೋಗಿಯು ಎದುರಿಗೆ ಕಾಯುತ್ತಿರುವಾಗ ಮಾಹಿತಿ ಹುಡುಕುವ ವೈದ್ಯರ ವಿಷಯದಲ್ಲಿ ಈ ಮಾತು ಹೆಚ್ಚು ಅನ್ವಯಿಸುತ್ತದೆ.

ಶೈಕ್ಷಣಿಕ ಜೀವನದಲ್ಲಿ ಪಾತ್ರ

ವೈದ್ಯಕೀಯ ಪದವಿಯ ಮೊದಲ ವರ್ಷದಲ್ಲಿ ವಿದ್ಯಾರ್ಥಿಯು ಗ್ರಂಥಾಲಯವನ್ನು ಮುಖ್ಯವಾಗಿ ವಾಚನಾಲಯವಾಗಿ ಬಳಸುತ್ತಾನೆ. ಪರೀಕ್ಷೆ ಹತ್ತಿರವಾದಾಗ ಅನೇಕ ಕಾಲೇಜುಗಳಲ್ಲಿ ವಾಚನಾಲಯವು ತಡರಾತ್ರಿಯವರೆಗೂ ತೆರೆದಿರುತ್ತದೆ. ಪುಸ್ತಕಗಳ ಬೆಲೆ ಹೆಚ್ಚಾಗಿರುವುದರಿಂದ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳಿಗಾಗಿ ಪುಸ್ತಕ ಬ್ಯಾಂಕ್ ಯೋಜನೆ ಇದೆ.

2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮವು ಪದವಿಯ ಆರಂಭದಲ್ಲಿ ಬುನಾದಿ ಶಿಕ್ಷಣವನ್ನು ಸೇರಿಸಿತು. ಇದರಲ್ಲಿ ಸ್ಥಳೀಯ ಭಾಷೆ, ಇಂಗ್ಲಿಷ್ ಮತ್ತು ಗಣಕಯಂತ್ರದ ಬಳಕೆಯ ತರಬೇತಿಗೆ ಅವಕಾಶವಿದೆ. ಹೊರರಾಜ್ಯದ ವಿದ್ಯಾರ್ಥಿ ಇಲ್ಲಿ ರೋಗಿಯೊಡನೆ ಮಾತನಾಡುವಷ್ಟು ಕನ್ನಡವನ್ನು ಕಲಿಯಬಹುದು. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿ ಇಂಗ್ಲಿಷನ್ನು ಬಲಪಡಿಸಿಕೊಳ್ಳಬಹುದು.

ಸ್ನಾತಕೋತ್ತರ ಹಂತದಲ್ಲಿ ಗ್ರಂಥಾಲಯದ ಬಳಕೆ ಬದಲಾಗುತ್ತದೆ. ಪ್ರಬಂಧದ ವಿಷಯವನ್ನು ಆರಿಸುವ ಮೊದಲು ಅದೇ ವಿಷಯದಲ್ಲಿ ಈಗಾಗಲೇ ನಡೆದ ಅಧ್ಯಯನಗಳನ್ನು ಹುಡುಕಿ ಓದಬೇಕು. ಇದನ್ನು ಸಾಹಿತ್ಯ ಸಮೀಕ್ಷೆ ಎನ್ನುತ್ತಾರೆ. ವಿಭಾಗಗಳಲ್ಲಿ ನಡೆಯುವ 'ಜರ್ನಲ್ ಕ್ಲಬ್' ಎಂಬ ಸಭೆಯಲ್ಲಿ ಒಬ್ಬ ವಿದ್ಯಾರ್ಥಿಯು ಹೊಸ ಲೇಖನವೊಂದನ್ನು ಮಂಡಿಸುತ್ತಾನೆ. ಉಳಿದವರು ಅದರ ವಿಧಾನವನ್ನೂ ತೀರ್ಮಾನವನ್ನೂ ಪ್ರಶ್ನಿಸುತ್ತಾರೆ. ಅಚ್ಚಾದುದೆಲ್ಲವೂ ಸರಿಯೆಂದು ಒಪ್ಪದೆ ಪರೀಕ್ಷಿಸಿ ನೋಡುವ ಅಭ್ಯಾಸ ಇಲ್ಲಿ ಬೆಳೆಯುತ್ತದೆ.

ಉಲ್ಲೇಖಗಳನ್ನು ಬರೆಯಲು ವ್ಯಾಂಕೋವರ್ ಶೈಲಿ ಬಳಕೆಯಲ್ಲಿದೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರು 1978ರಲ್ಲಿ ಕೆನಡಾದ ವ್ಯಾಂಕೋವರ್ ನಗರದಲ್ಲಿ ಸೇರಿ ರೂಪಿಸಿದ ನಿಯಮಗಳೇ ಇದರ ಮೂಲ. ಕೃತಿಚೌರ್ಯವನ್ನು ತಡೆಯಲು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ನಿಯಮಗಳನ್ನು ಹೊರಡಿಸಿತು. ಅವುಗಳ ಪ್ರಕಾರ 10 ಪ್ರತಿಶತದವರೆಗಿನ ಹೋಲಿಕೆಗೆ ದಂಡವಿಲ್ಲ. ಪ್ರಬಂಧಗಳನ್ನು ತಂತ್ರಾಂಶದ ಮೂಲಕ ಪರಿಶೀಲಿಸುವ ಕೆಲಸವು ಅನೇಕ ಕಡೆ ಗ್ರಂಥಪಾಲಕರದ್ದಾಗಿದೆ.

ಹೆಲಿನೆಟ್ ಮತ್ತು ವಿದ್ಯುನ್ಮಾನ ಸೇವೆಗಳು

ವಿದೇಶಿ ನಿಯತಕಾಲಿಕಗಳ ಚಂದಾ ಏರುತ್ತ ಹೋದಂತೆ ಒಂದೊಂದು ಕಾಲೇಜೂ ಪ್ರತ್ಯೇಕವಾಗಿ ಅವುಗಳನ್ನು ತರಿಸುವುದು ಕಷ್ಟವಾಯಿತು. ಇದಕ್ಕೆ ಪರಿಹಾರವಾಗಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 2003ರಲ್ಲಿ ಹೆಲಿನೆಟ್ ಎಂಬ ಗ್ರಂಥಾಲಯ ಜಾಲವನ್ನು ಆರಂಭಿಸಿತು. ಇದರ ಪೂರ್ಣ ಹೆಸರು ಹೆಲ್ತ್ ಸೈನ್ಸಸ್ ಲೈಬ್ರರಿ ಅಂಡ್ ಇನ್ಫರ್ಮೇಶನ್ ನೆಟ್‌ವರ್ಕ್. ವಿಶ್ವವಿದ್ಯಾಲಯವು ಪ್ರಕಾಶಕರೊಡನೆ ಒಟ್ಟಾಗಿ ವ್ಯವಹರಿಸಿ ಚಂದಾ ಪಡೆಯುತ್ತದೆ. ಸದಸ್ಯ ಕಾಲೇಜುಗಳು ವೆಚ್ಚದಲ್ಲಿ ಪಾಲು ವಹಿಸುತ್ತವೆ. ಇದರಿಂದ ಬೆಂಗಳೂರಿನ ಹಳೆಯ ಕಾಲೇಜು ಮತ್ತು ಜಿಲ್ಲಾ ಕೇಂದ್ರದ ಹೊಸ ಕಾಲೇಜು ಒಂದೇ ವಿದ್ಯುನ್ಮಾನ ಸಂಗ್ರಹವನ್ನು ಬಳಸುವುದು ಸಾಧ್ಯವಾಯಿತು.

ರಾಷ್ಟ್ರಮಟ್ಟದಲ್ಲಿ ನವದೆಹಲಿಯ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1966ರಿಂದ ಕಾರ್ಯನಿರ್ವಹಿಸುತ್ತಿದೆ. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟವು 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ ಒಪ್ಪಿಗೆ ನೀಡಿತು. 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ಇದಕ್ಕೆ ನಿಗದಿಪಡಿಸಲಾಗಿದೆ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ 6,300ಕ್ಕೂ ಹೆಚ್ಚು ಸಂಸ್ಥೆಗಳಿಗೆ ಇದರ ಮೂಲಕ ದೊರೆಯುತ್ತವೆ. ಮೊದಲ ಹಂತದಲ್ಲಿ ಖಾಸಗಿ ಕಾಲೇಜುಗಳು ಇದರಲ್ಲಿ ಸೇರಿಲ್ಲ.

ಕಡೂರು, ತರೀಕೆರೆ ಮತ್ತು ಅಜ್ಜಂಪುರ

ಚಿಕ್ಕಮಗಳೂರು ಜಿಲ್ಲೆಯ ಉತ್ತರ ಮತ್ತು ಪೂರ್ವ ಭಾಗದ ಈ ಮೂರು ತಾಲ್ಲೂಕು ಕೇಂದ್ರಗಳಲ್ಲಿ ಎಂ.ಬಿ.ಬಿ.ಎಸ್. ಕಾಲೇಜು ಇಲ್ಲ. ಕಡೂರು ಪಟ್ಟಣವು ಒಂದು ಕಾಲದಲ್ಲಿ ಇಡೀ ಜಿಲ್ಲೆಗೆ ಹೆಸರು ಕೊಟ್ಟಿತ್ತು. ಇಂದಿನ ಚಿಕ್ಕಮಗಳೂರು ಜಿಲ್ಲೆಯನ್ನು 1947ರವರೆಗೆ ಕಡೂರು ಜಿಲ್ಲೆ ಎಂದೇ ಕರೆಯಲಾಗುತ್ತಿತ್ತು. ಅಜ್ಜಂಪುರವು ಹಿಂದೆ ತರೀಕೆರೆ ತಾಲ್ಲೂಕಿನ ಭಾಗವಾಗಿದ್ದು, ನಂತರ ಪ್ರತ್ಯೇಕ ತಾಲ್ಲೂಕಾಯಿತು.

ಈ ಪಟ್ಟಣಗಳಿಂದ ವೈದ್ಯಕೀಯ ಗ್ರಂಥಾಲಯವಿರುವ ಊರುಗಳಿಗೆ ಹೋಗುವ ದಾರಿಗಳು ಮೂರು ದಿಕ್ಕಿಗಿವೆ. ಕಡೂರಿನಿಂದ 2013ರಲ್ಲಿ ಆರಂಭವಾದ ರೈಲುಮಾರ್ಗವು ಚಿಕ್ಕಮಗಳೂರಿಗೆ ಹೋಗುತ್ತದೆ. ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು 2020ರ ದಶಕದಲ್ಲಿ ಆರಂಭವಾಯಿತು. ಕಡೂರು ತಾಲ್ಲೂಕಿನ ಬೀರೂರು ಜಂಕ್ಷನ್‌ನಲ್ಲಿ ಕವಲೊಡೆಯುವ ಮಾರ್ಗವು ತರೀಕೆರೆ, ಭದ್ರಾವತಿಗಳ ಮೂಲಕ ಶಿವಮೊಗ್ಗವನ್ನು ಸೇರುತ್ತದೆ. ಅಲ್ಲಿ 2007ರಲ್ಲಿ ಆರಂಭವಾದ ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಬೀರೂರಿನಿಂದ ಮುಂದುವರಿಯುವ ಹುಬ್ಬಳ್ಳಿ ಮಾರ್ಗದಲ್ಲಿ ಅಜ್ಜಂಪುರವಿದ್ದು, ಅದೇ ಮಾರ್ಗದಲ್ಲಿ ದಾವಣಗೆರೆಯ ಕಾಲೇಜುಗಳಿಗೆ ತಲಪಬಹುದು. ಆಯುರ್ವೇದ ಶಿಕ್ಷಣಕ್ಕೆ ಜಿಲ್ಲೆಯ ಕೊಪ್ಪದಲ್ಲಿ ಅರೂರು ಲಕ್ಷ್ಮೀನಾರಾಯಣರಾವ್ ಸ್ಮಾರಕ ಆಯುರ್ವೇದ ವೈದ್ಯಕೀಯ ಕಾಲೇಜು ಇದೆ.

ಪ್ರಯಾಣದ ದೂರಕ್ಕಿಂತ ಸದಸ್ಯತ್ವದ ತೊಡಕು ದೊಡ್ಡದು. ಕಾಲೇಜು ಗ್ರಂಥಾಲಯವು ಸಾಮಾನ್ಯವಾಗಿ ತನ್ನ ವಿದ್ಯಾರ್ಥಿಗಳಿಗೆ ಮತ್ತು ಸಿಬ್ಬಂದಿಗೆ ಮಾತ್ರ ತೆರೆದಿರುತ್ತದೆ. ವಿದ್ಯುನ್ಮಾನ ನಿಯತಕಾಲಿಕಗಳ ಪರವಾನಗಿಯೂ ಹಾಗೆಯೇ. ಪದವಿ ಮುಗಿದು ಕಾಲೇಜು ಬಿಟ್ಟವರಿಗೆ ಪ್ರವೇಶ ಸಾಮಾನ್ಯವಾಗಿ ನಿಲ್ಲುತ್ತದೆ. ಕರ್ನಾಟಕದ 2012ರ ಕಾಯಿದೆಯು ವೈದ್ಯಕೀಯ ಶಿಕ್ಷಣ ಮುಗಿಸಿದವರಿಗೆ ಒಂದು ವರ್ಷದ ಸರ್ಕಾರಿ ಸೇವೆಯನ್ನು ವಿಧಿಸಿತು. ಹೀಗೆ ಹೊಸ ವೈದ್ಯರೊಬ್ಬರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬರೇ ಕುಳಿತು ನಿರ್ಧಾರ ಕೈಗೊಳ್ಳಬೇಕಾದ ದಿನಗಳೂ, ಅವರ ಕೈಯಿಂದ ಗ್ರಂಥಾಲಯ ತಪ್ಪಿಹೋಗುವ ದಿನಗಳೂ ಒಟ್ಟಿಗೆ ಬರುತ್ತವೆ. ಕಾಲೇಜಿನಲ್ಲಿದ್ದಾಗ ಸಂಶಯ ಬಂದರೆ ಕೇಳಲು ಪ್ರಾಧ್ಯಾಪಕರಿರುತ್ತಾರೆ. ಗ್ರಾಮದಲ್ಲಿ ಪುಸ್ತಕವೂ ದೂರವಾದರೆ ಹಳೆಯ ಟಿಪ್ಪಣಿ ಮತ್ತು ಔಷಧ ಕಂಪನಿಗಳ ಪ್ರತಿನಿಧಿಗಳು ತರುವ ಕರಪತ್ರಗಳೇ ಆಧಾರವಾಗುವ ಸಂಭವವಿದೆ.

ಸ್ಥಳೀಯ ಆರೋಗ್ಯದ ಪ್ರಶ್ನೆಗಳು ಇಲ್ಲಿ ಸಾಕಷ್ಟಿವೆ. ಅಜ್ಜಂಪುರದಲ್ಲಿ ಅಮೃತ್ ಮಹಲ್ ದನಗಳ ತಳಿ ಸಂವರ್ಧನಾ ಕೇಂದ್ರವಿದೆ, ಸುತ್ತಲಿನ ಹಳ್ಳಿಗಳಲ್ಲಿ ಪಶುಪಾಲನೆ ಮುಖ್ಯ ಕಸುಬು. ಬ್ರುಸೆಲ್ಲೋಸಿಸ್‌ನಂತಹ, ದನಗಳಿಂದ ಮನುಷ್ಯರಿಗೆ ಹರಡುವ ರೋಗಗಳನ್ನು ಇಂತಹ ಪ್ರದೇಶದ ವೈದ್ಯರು ತಿಳಿದಿರಬೇಕಾಗುತ್ತದೆ. ಜಿಲ್ಲೆಯ ಮಲೆನಾಡು ತಾಲ್ಲೂಕುಗಳಲ್ಲಿ ಮಂಗನ ಕಾಯಿಲೆಯ ಪ್ರಕರಣಗಳು ಕಾಣಿಸಿಕೊಳ್ಳುತ್ತವೆ. ಉಣ್ಣೆಗಳಿಂದ ಹರಡುವ ಈ ರೋಗವು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಯಿತು. ವಿಶ್ವದ ವೈದ್ಯಕೀಯ ಸೂಚಿಯಲ್ಲಿ ಇದಕ್ಕೆ 'ಕ್ಯಾಸನೂರ್ ಫಾರೆಸ್ಟ್ ಡಿಸೀಸ್' ಎಂಬ ಪ್ರತ್ಯೇಕ ವಿಷಯ ಶೀರ್ಷಿಕೆಯೇ ಇದೆ. ಮಲೆನಾಡಿನ ಒಂದು ಊರಿನ ಹೆಸರು ಹೀಗೆ ಜಗತ್ತಿನ ಗ್ರಂಥಾಲಯಗಳಲ್ಲಿ ದಾಖಲಾಗಿದೆ. ಆದರೆ ಅದರ ಅಡಿಯಲ್ಲಿ ಸೇರಿರುವ ಲೇಖನಗಳ ಭಾಷೆ ಬಹುಪಾಲು ಇಂಗ್ಲಿಷ್, ಕೆಲವು ಲೇಖನಗಳನ್ನು ಹಣ ಕೊಟ್ಟೇ ಓದಬೇಕು.

ಮುಕ್ತವಾಗಿ ದೊರೆಯುವ ಸಂಪನ್ಮೂಲಗಳು

ಕಾಲೇಜಿನ ಸದಸ್ಯತ್ವವಿಲ್ಲದವರಿಗೂ ಇಂದು ಹಲವು ಆಕರಗಳು ಉಚಿತವಾಗಿ ಲಭ್ಯವಿವೆ.

ಪಬ್‌ಮೆಡ್: ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು ನಡೆಸುವ ಈ ಸೂಚಿಯಲ್ಲಿ 3.5 ಕೋಟಿಗೂ ಹೆಚ್ಚು ಲೇಖನಗಳ ವಿವರಗಳಿವೆ. 1879ರಲ್ಲಿ ಜಾನ್ ಶಾ ಬಿಲ್ಲಿಂಗ್ಸ್ ಆರಂಭಿಸಿದ 'ಇಂಡೆಕ್ಸ್ ಮೆಡಿಕಸ್' ಎಂಬ ಮುದ್ರಿತ ಸೂಚಿ ಇದರ ಪೂರ್ವರೂಪ. ಅದು 2004ರಲ್ಲಿ ನಿಂತಿತು. ಪಬ್‌ಮೆಡ್ 1997ರಿಂದ ಎಲ್ಲರಿಗೂ ಉಚಿತವಾಗಿದೆ. ಇದರಲ್ಲಿ ಲೇಖನದ ಸಾರಾಂಶ ಸಾಮಾನ್ಯವಾಗಿ ದೊರೆಯುತ್ತದೆ, ಪೂರ್ಣಪಾಠ ಎಲ್ಲದಕ್ಕೂ ದೊರೆಯುವುದಿಲ್ಲ.

ಪಬ್‌ಮೆಡ್ ಸೆಂಟ್ರಲ್: 2000ದಲ್ಲಿ ಆರಂಭವಾದ ಈ ಭಂಡಾರದಲ್ಲಿ ಲೇಖನಗಳ ಪೂರ್ಣಪಾಠವನ್ನು ಉಚಿತವಾಗಿ ಓದಬಹುದು.

ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್: 1913ರಲ್ಲಿ ಆರಂಭವಾದ ಈ ಪತ್ರಿಕೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಪ್ರಕಟಿಸುತ್ತದೆ. ಭಾರತದ ರೋಗಗಳನ್ನು ಕುರಿತ ಲೇಖನಗಳಿಗೆ ಇದು ಮುಖ್ಯ ಆಕರ.

ಭಾರತದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ: ಖರಗ್‌ಪುರದ ಐ.ಐ.ಟಿ.ಯು ರೂಪಿಸಿದ ಇದನ್ನು 2018ರ ಜೂನ್ 19ರಂದು ರಾಷ್ಟ್ರಕ್ಕೆ ಸಮರ್ಪಿಸಲಾಯಿತು.

ಸಾರ್ವಜನಿಕ ಗ್ರಂಥಾಲಯಗಳೂ ಈ ಕಾರ್ಯದಲ್ಲಿ ನೆರವಾಗಬಲ್ಲವು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ಸಂಗ್ರಹಿಸಲು ಅವಕಾಶ ನೀಡಿತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಈಗ 'ಅರಿವು ಕೇಂದ್ರ'ಗಳೆಂದು ಕರೆಯಲಾಗುತ್ತದೆ. ಅನೇಕ ಕೇಂದ್ರಗಳಲ್ಲಿ ಗಣಕಯಂತ್ರ ಮತ್ತು ಅಂತರಜಾಲ ಸಂಪರ್ಕವಿದೆ. ಮೇಲೆ ಹೇಳಿದ ಉಚಿತ ಆಕರಗಳನ್ನು ಬಳಸಲು ಇಷ್ಟು ಸೌಲಭ್ಯ ಸಾಕು. ಹುಡುಕುವ ವಿಧಾನವನ್ನು ಕಲಿಸುವವರು ಮಾತ್ರ ಬೇಕು.

ಭಾಷೆ ಮತ್ತು ಕನ್ನಡ ವೈದ್ಯಸಾಹಿತ್ಯ

ತಾಲ್ಲೂಕು ಪಟ್ಟಣದ ಕನ್ನಡ ಮಾಧ್ಯಮ ಶಾಲೆಯಿಂದ ಬಂದ ವಿದ್ಯಾರ್ಥಿ ಮೂರು ಬಗೆಯ ಪದಗಳೊಡನೆ ವ್ಯವಹರಿಸಬೇಕಾಗುತ್ತದೆ. ಶಾಲೆಯ ಪಠ್ಯದಲ್ಲಿ ಅವನು 'ಅಪಧಮನಿ', 'ಅಭಿಧಮನಿ' ಎಂದು ಕಲಿತಿರುತ್ತಾನೆ. ಕಾಲೇಜಿನಲ್ಲಿ ಅವು 'ಆರ್ಟರಿ', 'ವೇನ್' ಆಗುತ್ತವೆ. ರೋಗಿಯು ಇವೆರಡನ್ನೂ ಬಳಸದೆ 'ನರ' ಎಂದುಬಿಡುತ್ತಾನೆ. ಕೈಕಾಲು 'ಜೋಮು ಹಿಡಿಯುತ್ತದೆ' ಎಂದು ರೋಗಿಯು ಹೇಳಿದರೆ, ಗ್ರಂಥಾಲಯದ ಸೂಚಿಯಲ್ಲಿ 'ಪ್ಯಾರೆಸ್ತೀಸಿಯಾ' ಎಂಬ ಶೀರ್ಷಿಕೆಯ ಅಡಿಯಲ್ಲಿ ಹುಡುಕಬೇಕು. ಈ ಪದಗಳ ನಡುವಿನ ಸೇತುವೆಯನ್ನು ತಿಳಿದ ವೈದ್ಯರು ರೋಗಿಯ ಮಾತನ್ನು ಸರಿಯಾಗಿ ಗ್ರಹಿಸಬಲ್ಲರು, ಚಿಕಿತ್ಸೆಯನ್ನು ಅವನಿಗೆ ಅರ್ಥವಾಗುವಂತೆ ಹೇಳಬಲ್ಲರು.

ಕನ್ನಡದಲ್ಲಿ ವೈದ್ಯಲೇಖಕರ ದೊಡ್ಡ ಪರಂಪರೆಯಿದೆ. 'ರಾಶಿ' ಎಂದು ಪ್ರಸಿದ್ಧರಾದ ಡಾ. ಎಂ. ಶಿವರಾಂ ಅವರ 'ಮನಮಂಥನ' ಎಂಬ ಮನೋವೈದ್ಯಕೀಯ ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಡಾ. ಅನುಪಮಾ ನಿರಂಜನ ಅವರ 'ತಾಯಿ ಮಗು' ಮತ್ತು 'ದಾಂಪತ್ಯ ದೀಪಿಕೆ' ಮನೆಮನೆಗಳಲ್ಲಿ ಓದಲ್ಪಟ್ಟವು. ಡಾ. ಡಿ.ಎಸ್. ಶಿವಪ್ಪ ಅವರು ವೈದ್ಯಕೀಯ ಪದಗಳ ರಚನೆಯ ಬಗ್ಗೆ ಕೆಲಸ ಮಾಡಿದರು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಮಾನಸಿಕ ಆರೋಗ್ಯವನ್ನು ಕುರಿತು ಬಹುಸಂಖ್ಯೆಯ ಪುಸ್ತಕಗಳನ್ನು ಬರೆದಿದ್ದಾರೆ. ಇವು ಹೆಚ್ಚಾಗಿ ಜನಸಾಮಾನ್ಯರಿಗಾಗಿ ಬರೆದವು. ಪದವಿ ಮಟ್ಟದ ವೈದ್ಯಕೀಯ ಬೋಧನೆ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ. ಆದರೂ ಇಂತಹ ಪುಸ್ತಕಗಳನ್ನು ಕಾಲೇಜು ಗ್ರಂಥಾಲಯದಲ್ಲಿ ಇರಿಸುವುದರಿಂದ, ರೋಗದ ವಿವರಗಳನ್ನು ಕನ್ನಡದಲ್ಲಿ ಹೇಳುವ ರೀತಿಯನ್ನು ವಿದ್ಯಾರ್ಥಿಗಳು ಕಲಿಯಬಹುದು. ಆಶಾ ಕಾರ್ಯಕರ್ತೆಯರು ಮತ್ತು ದಾದಿಯರಿಗೂ ಅವು ಉಪಯುಕ್ತ.

ಸಮಸ್ಯೆಗಳು

ನಿಯತಕಾಲಿಕಗಳ ಚಂದಾ ವೆಚ್ಚ, ತರಬೇತಿ ಪಡೆದ ಗ್ರಂಥಪಾಲಕರ ಅಗತ್ಯ ಮತ್ತು ಸದಸ್ಯತ್ವದ ಮಿತಿ ಇವು ವೈದ್ಯಕೀಯ ಗ್ರಂಥಾಲಯಗಳ ಮುಖ್ಯ ಸಮಸ್ಯೆಗಳು. ಹಣ ಪಡೆದು, ಪರಿಶೀಲನೆಯಿಲ್ಲದೆ ಲೇಖನಗಳನ್ನು ಪ್ರಕಟಿಸುವ ನಕಲಿ ಪತ್ರಿಕೆಗಳು ಹೊಸ ತೊಡಕಾಗಿವೆ. ಅಂತರಜಾಲದಲ್ಲಿ ಇವು ಉಚಿತವಾಗಿ ದೊರೆಯುವುದರಿಂದ, ನಂಬಲರ್ಹ ಪತ್ರಿಕೆಗಳ ಪರವಾನಗಿ ಇಲ್ಲದವರು ಇವುಗಳನ್ನೇ ಆಧರಿಸುವ ಅಪಾಯವಿದೆ. ಲೇಖನದ ಗುಣಮಟ್ಟವನ್ನು ಗುರುತಿಸಲು ಕಲಿಸುವುದು ಇಂದಿನ ವೈದ್ಯಕೀಯ ಗ್ರಂಥಪಾಲಕರ ಕರ್ತವ್ಯಗಳಲ್ಲಿ ಒಂದಾಗಿದೆ.

ಸರ್ಕಾರಿ ಸೇವೆಯಲ್ಲಿರುವ ವೈದ್ಯರು ಮತ್ತು ದಾದಿಯರಿಗೆ ಹತ್ತಿರದ ಕಾಲೇಜು ಗ್ರಂಥಾಲಯದಲ್ಲಿ ಸದಸ್ಯತ್ವ ನೀಡುವುದು, ಸ್ಥಳೀಯ ಪ್ರಬಂಧಗಳ ಸಾರಾಂಶಗಳನ್ನು ಕನ್ನಡದಲ್ಲಿ ಪ್ರಕಟಿಸುವುದು ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಸಣ್ಣ ಆಕರ ಸಂಗ್ರಹವನ್ನು ಇರಿಸುವುದು ಈ ಸಮಸ್ಯೆಗಳನ್ನು ತಗ್ಗಿಸಬಲ್ಲ ಉಪಾಯಗಳು. ಇವುಗಳಿಗೆ ಹೊಸ ಕಟ್ಟಡ ಬೇಕಾಗುವುದಿಲ್ಲ. ಚಿಕ್ಕಮಗಳೂರು, ಶಿವಮೊಗ್ಗ ಮತ್ತು ದಾವಣಗೆರೆಯಲ್ಲಿ ಈಗಾಗಲೇ ಇರುವ ಗ್ರಂಥಾಲಯಗಳನ್ನು ಕಡೂರು, ತರೀಕೆರೆ ಮತ್ತು ಅಜ್ಜಂಪುರದ ಆಸ್ಪತ್ರೆಗಳೊಡನೆ ಜೋಡಿಸಿದರೆ ಸಾಕಾಗುತ್ತದೆ.